ಮಾರ್ಚ್ ಪಂದ್ಯಕ್ಕೆ ನವೆಂಬರ್‌ನಲ್ಲೇ ಓಟ

ಕಳೆದ ಡಿಸೆಂಬರ್‌ನಲ್ಲಿ ಒಂದು ದಿನ ಫಜರ್ ನಮಾಜ್ ಮುಗಿದ ಹೊತ್ತಿಗೆ ನಮ್ಮ ಖಾಲಾ ಅವರ ಮಗ ಮೆಲ್ಬರ್ನ್‌ನಿಂದ ವಿಡಿಯೋ ಕಾಲ್ ಮಾಡಿದರು. ಅವರು ಅಲ್ಲಿ ಓದುತ್ತಿದ್ದಾರೆ. ನಮಗೆ ಬೆಳಿಗ್ಗೆ ಆರು ಗಂಟೆಯಾದರೆ ಅಲ್ಲಿ ಆಗಲೇ ಹನ್ನೊಂದೂವರೆ. ಫೋನನ್ನು ತಿರುಗಿಸಿ ಒಂದು ಮೈದಾನ ತೋರಿಸಿದರು. ನಲವತ್ತು ಜನ ಬಿಸಿಲಲ್ಲಿ ಓಡುತ್ತಿದ್ದರು. ನಿಲ್ಲುವುದು, ಮತ್ತೆ ಓಡುವುದು, ಅಷ್ಟೇ. ಚೆಂಡೂ ಕಾಣಲಿಲ್ಲ.

“ಭಾಯಿ, ಮ್ಯಾಚ್ ಯಾವಾಗ?” ಎಂದು ಕೇಳಿದೆ.

“ಮಾರ್ಚ್‌ನಲ್ಲಿ” ಎಂದರು. “ಆ ಗುಂಪಿನಲ್ಲಿ ನಿನ್ನ ವಯಸ್ಸಿನವರೂ ಇದ್ದಾರೆ. ಹೋದ ತಿಂಗಳು ಹನ್ನೆರಡನೇ ತರಗತಿ ಪರೀಕ್ಷೆ ಬರೆದವರು.”

ನಾಲ್ಕು ತಿಂಗಳು ಮೊದಲೇ ಏಕೆ ಇಷ್ಟು ಓಟ? ಪರೀಕ್ಷೆ ಬರೆದ ಹುಡುಗರು ಅಲ್ಲಿಗೆ ಬಂದಿದ್ದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಆಟ ಇದು?

ನಾವು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅನ್ನು ಕ್ರಿಕೆಟ್ ಮೈದಾನದಲ್ಲೇ ಆಡುತ್ತಾರೆ. ಒಂದು ತಂಡದಿಂದ 18 ಜನ ಮೈದಾನದಲ್ಲಿರುತ್ತಾರೆ. ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಪ್ರತಿ 15 ಮೀಟರಿಗೊಮ್ಮೆ ನೆಲಕ್ಕೆ ಪುಟಿಸಬೇಕು ಅಥವಾ ಮುಟ್ಟಿಸಬೇಕು. ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡರ ಮಧ್ಯೆ ಒದ್ದು ಕಳಿಸಿದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1 ಅಂಕ. ಇಪ್ಪತ್ತು ನಿಮಿಷಗಳ ನಾಲ್ಕು ಭಾಗಗಳು. ಆಟ ನಿಂತ ಸಮಯವನ್ನು ಸೇರಿಸುವುದರಿಂದ ಪ್ರತಿ ಭಾಗವೂ ಅರ್ಧ ಗಂಟೆಯ ಹತ್ತಿರ ಹೋಗುತ್ತದೆ.

ಇದರ ದೊಡ್ಡ ಲೀಗ್ ಎಎಫ್ಎಲ್. 18 ಕ್ಲಬ್‌ಗಳಿವೆ. ಮಾರ್ಚ್‌ನಲ್ಲಿ ಆರಂಭ, ಸೆಪ್ಟೆಂಬರ್ ಕೊನೆಯಲ್ಲಿ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಅಂದರೆ ಎಂಸಿಜಿಯಲ್ಲಿ ಒಂದು ಲಕ್ಷದಷ್ಟು ಜನರ ಮುಂದೆ ಫೈನಲ್. ಈ ಮೈದಾನ ನಮಗೆ ಗೊತ್ತಿರುವುದೇ. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2014ರಲ್ಲಿ, ಬೆಂಗಳೂರಿನ ಮಯಾಂಕ್ ಅಗರ್ವಾಲ್ 2018ರಲ್ಲಿ ಮೊದಲ ಟೆಸ್ಟ್ ಆಡಿದ್ದು ಅಲ್ಲೇ. ಕ್ರಿಕೆಟ್‌ಗೂ ಈ ಆಟಕ್ಕೂ ಹಳೆಯ ನಂಟಿದೆ. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ, ಚಳಿಗಾಲದಲ್ಲಿ ಆಟಗಾರರ ಮೈ ಜಡವಾಗದಿರಲು ಒಂದು ಫುಟ್‌ಬಾಲ್ ಕ್ಲಬ್ ಬೇಕು ಎಂದು ಪತ್ರಿಕೆಗೆ ಪತ್ರ ಬರೆದಿದ್ದ. ಮುಂದಿನ ವರ್ಷ ಮೆಲ್ಬರ್ನ್ ಕ್ಲಬ್‌ನವರು ನಿಯಮಗಳನ್ನು ಬರೆದರು. ಕ್ರಿಕೆಟ್ ಋತುವಿಗೆ ತಯಾರಿಯಾಗಿ ಹುಟ್ಟಿದ ಆಟಕ್ಕೇ ಇಂದು ನಾಲ್ಕು ತಿಂಗಳ ತಯಾರಿ ಬೇಕಾಗಿದೆ!

ಹೊಸಬರು ಬರುವುದು ಹೇಗೆ?

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ ಭಾಗ ಇದು. ಐಪಿಎಲ್‌ನಲ್ಲಿ ಹರಾಜು ನಡೆಯುತ್ತದೆ. ಇಬ್ಬರು ಕೂಗಿದರೆ ಬೆಲೆ ಏರುತ್ತದೆ. ಎಎಫ್ಎಲ್‌ನಲ್ಲಿ ಹೊಸ ಹುಡುಗರಿಗೆ ಹರಾಜಿಲ್ಲ, ‘ಡ್ರಾಫ್ಟ್’ ಇದೆ. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನ ಪಡೆದ ಕ್ಲಬ್‌ಗೆ ಮೊದಲ ಆಯ್ಕೆ, ಕೊನೆಯಿಂದ ಎರಡನೆಯದಕ್ಕೆ ಎರಡನೇ ಆಯ್ಕೆ, ಹೀಗೆ ಚಾಂಪಿಯನ್ ಕ್ಲಬ್‌ನವರೆಗೆ. ಇಡೀ ತಂಡದ ಸಂಬಳಕ್ಕೂ ಒಂದು ಮಿತಿ ಇದೆ. ಎರಡೂ 1980ರ ದಶಕದ ಮಧ್ಯದಲ್ಲಿ ಬಂದವು. ಶ್ರೀಮಂತ ಕ್ಲಬ್‌ಗಳೇ ಎಲ್ಲ ಒಳ್ಳೆಯ ಆಟಗಾರರನ್ನು ಕೊಂಡರೆ ಉಳಿದ ಕ್ಲಬ್‌ಗಳು ಸೋಲುತ್ತಲೇ ಇರುತ್ತವೆ, ಅವುಗಳ ಪಂದ್ಯ ನೋಡಲು ಜನ ಬರುವುದಿಲ್ಲ, ಕೊನೆಗೆ ಲೀಗ್‌ಗೇ ನಷ್ಟ. ಅದಕ್ಕೆ ಈ ನಿಯಂತ್ರಣ.

ಎಲ್ಲ ನಿಯಂತ್ರಣಗಳ ಹಾಗೆ ಇದಕ್ಕೂ ಅಡ್ಡ ಪರಿಣಾಮ ಇದೆ. ಸೋತವರಿಗೆ ಬಹುಮಾನ ಸಿಗುವುದಾದರೆ ಸೋಲಲು ಯಾರಿಗಾದರೂ ಮನಸ್ಸಾಗಬಹುದಲ್ಲವೇ? ಮೆಲ್ಬರ್ನ್ ಕ್ಲಬ್ 2009ರಲ್ಲಿ ಹಾಗೆ ಮಾಡಿತೆಂಬ ಅನುಮಾನದ ಮೇಲೆ ದೊಡ್ಡ ತನಿಖೆಯೇ ನಡೆಯಿತು. ಬೇಕೆಂದೇ ಸೋತರು ಎಂಬ ತೀರ್ಮಾನ ಬರಲಿಲ್ಲ. ಆದರೂ 2013ರಲ್ಲಿ ಕ್ಲಬ್‌ಗೆ 5 ಲಕ್ಷ ಡಾಲರ್ ದಂಡ ಬಿತ್ತು.

ಇನ್ನು ಹುಡುಗನ ಕಡೆಯಿಂದ ನೋಡೋಣ. ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವವರು ಡ್ರಾಫ್ಟ್‌ಗೆ ಅರ್ಹರು. ಅದಕ್ಕೂ ಮೊದಲು ಆಯ್ದ ಹುಡುಗರನ್ನು ಒಂದೆಡೆ ಸೇರಿಸಿ 20 ಮೀಟರ್ ಓಟ, ನಿಂತಲ್ಲಿಂದ ಎಷ್ಟು ಎತ್ತರ ಜಿಗಿಯುತ್ತಾರೆ, ಎಷ್ಟು ಬೇಗ ದಿಕ್ಕು ಬದಲಿಸುತ್ತಾರೆ, 2 ಕಿಲೋಮೀಟರ್ ಎಷ್ಟು ಹೊತ್ತಿನಲ್ಲಿ ಓಡುತ್ತಾರೆ ಎಂದೆಲ್ಲ ಅಳೆಯುತ್ತಾರೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಹನ್ನೆರಡನೇ ತರಗತಿಯ ಪರೀಕ್ಷೆ ನಡೆಯುವುದು ಅಕ್ಟೋಬರ್–ನವೆಂಬರ್‌ನಲ್ಲಿ. ಡ್ರಾಫ್ಟ್ ನಡೆಯುವುದೂ ನವೆಂಬರ್‌ನಲ್ಲೇ. ಅಂದರೆ ಒಂದೇ ತಿಂಗಳಲ್ಲಿ ಓದಿನ ಪರೀಕ್ಷೆ, ಬದುಕಿನ ಪರೀಕ್ಷೆ ಎರಡೂ.

ಯಾವ ಕ್ಲಬ್ ಹೆಸರು ಕರೆಯುತ್ತದೋ ಅಲ್ಲಿಗೇ ಹೋಗಬೇಕು. 2023ರಲ್ಲಿ ಮೊದಲ ಆಯ್ಕೆಯಾದ ಹಾರ್ಲಿ ರೀಡ್, ಉತ್ತರ ವಿಕ್ಟೋರಿಯಾದ ಟೊಂಗಾಲಾ ಎಂಬ ಹೈನುಗಾರಿಕೆಯ ಚಿಕ್ಕ ಊರಿನವನು. ಅವನನ್ನು ಕರೆದದ್ದು ಪಶ್ಚಿಮ ತುದಿಯ ಪರ್ತ್ ನಗರದ ವೆಸ್ಟ್ ಕೋಸ್ಟ್ ಕ್ಲಬ್. ಮೆಲ್ಬರ್ನ್‌ನಿಂದ ಪರ್ತ್‌ಗೆ ವಿಮಾನದಲ್ಲೇ ನಾಲ್ಕು ಗಂಟೆ. ಹೀಗೆ ದೂರದಿಂದ ಬಂದ ಹುಡುಗರನ್ನು ಕ್ಲಬ್‌ಗಳು ಮೊದಲ ವರ್ಷ ಒಂದು ಕುಟುಂಬದ ಮನೆಯಲ್ಲಿ ಇರಿಸುವುದುಂಟು. ಊಟ ಹಾಕುವವರು, ತಡವಾದರೆ ಕೇಳುವವರು ಇರಲಿ ಎಂದು. ಆದರೂ ಊರಿನ ನೆನಪು ತಡೆಯಲಾಗದೆ ಕೆಲವು ವರ್ಷಗಳ ನಂತರ ಮನೆ ಹತ್ತಿರದ ಕ್ಲಬ್‌ಗೆ ಹೋಗುತ್ತೇನೆ ಎನ್ನುವವರು ಇದ್ದೇ ಇದ್ದಾರೆ. ಕ್ಲಬ್‌ಗಳು ಆಯ್ಕೆ ಮಾಡುವಾಗಲೇ ಇದನ್ನೂ ಲೆಕ್ಕ ಹಾಕುತ್ತವೆ.

ಈ ನಿಯಮಕ್ಕೆ ಒಂದು ವಿನಾಯಿತಿ ಇದೆ. ತಂದೆ ಒಂದು ಕ್ಲಬ್‌ಗೆ 100 ಪಂದ್ಯ ಆಡಿದ್ದರೆ ಮಗನ ಮೇಲೆ ಆ ಕ್ಲಬ್‌ಗೆ ಮೊದಲ ಹಕ್ಕು. ಕಾಲಿಂಗ್‌ವುಡ್ ಕ್ಲಬ್‌ನ ಪೀಟರ್ ಡೈಕೋಸ್ ಮಗ ನಿಕ್ ಡೈಕೋಸ್ 2021ರಲ್ಲಿ ಹೀಗೆಯೇ ಅದೇ ಕ್ಲಬ್ ಸೇರಿದ.

ನಾಲ್ಕು ತಿಂಗಳು ಏಕೆ?

ಡ್ರಾಫ್ಟ್ ಆದ ಕೆಲವೇ ದಿನಗಳಲ್ಲಿ ಹುಡುಗರು ಅಭ್ಯಾಸಕ್ಕೆ ಹಾಜರಾಗಬೇಕು. ಮೊದಲ ನಾಲ್ಕು ವರ್ಷದೊಳಗಿನ ಆಟಗಾರರು ಸಾಮಾನ್ಯವಾಗಿ ಮೊದಲು ಬರುತ್ತಾರೆ, ಹಿರಿಯರು ಸ್ವಲ್ಪ ತಡವಾಗಿ. ಕ್ರಿಸ್‌ಮಸ್‌ಗೆ ಕೆಲವು ವಾರ ರಜೆ, ಜನವರಿಯಲ್ಲಿ ಮತ್ತೆ ಕಠಿಣ ಅಭ್ಯಾಸ, ಫೆಬ್ರವರಿಯ ಹೊತ್ತಿಗೆ ಅಭ್ಯಾಸ ಪಂದ್ಯಗಳು.

ಇಷ್ಟು ಸಮಯ ಬೇಕಾಗಲು ಕಾರಣ ದೇಹದ ಲೆಕ್ಕಾಚಾರ. ಮಧ್ಯದಲ್ಲಿ ಆಡುವವನು ಒಂದು ಪಂದ್ಯದಲ್ಲಿ 12ರಿಂದ 15 ಕಿಲೋಮೀಟರ್ ಓಡುತ್ತಾನೆ. ಅದರ ನಡುವೆ ಡಿಕ್ಕಿ, ಜಿಗಿತ, ಬೀಳುವುದು, ಏಳುವುದು. ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಇದಕ್ಕೆ ಒಗ್ಗಿಕೊಳ್ಳುತ್ತವೆ. ಸ್ನಾಯುಗಳಿಗೆ ಇನ್ನಷ್ಟು ಸಮಯ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ನರದಂಥ ಭಾಗಕ್ಕೆ ಮತ್ತು ಮೂಳೆಗೆ ತಿಂಗಳುಗಳೇ ಬೇಕು. ಅಪಾಯ ಇರುವುದು ಇಲ್ಲೇ. ಹುಡುಗನಿಗೆ ಉಸಿರು ಸಾಲುತ್ತದೆ, ಇನ್ನೂ ಓಡಬಲ್ಲೆ ಅನ್ನಿಸುತ್ತದೆ. ಆದರೆ ಮೂಳೆ ಇನ್ನೂ ತಯಾರಾಗಿರುವುದಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಬೆನ್ನುಮೂಳೆಯಲ್ಲೋ ಪಾದದಲ್ಲೋ ಸಣ್ಣ ಬಿರುಕು ಬಿಟ್ಟರೆ ಮೊದಲ ವರ್ಷ ಪೂರ್ತಿ ಹೊರಗೆ ಕೂರಬೇಕಾಗಬಹುದು.

ಆದ್ದರಿಂದ ಹೊಸಬರಿಗೆ ಹಿರಿಯರಷ್ಟು ಓಟ ಕೊಡುವುದಿಲ್ಲ. ಆಟಗಾರರ ಬೆನ್ನಿನ ಮೇಲ್ಭಾಗದಲ್ಲಿ ಅಂಗಿಯೊಳಗೆ ಒಂದು ಚಿಕ್ಕ ಜಿಪಿಎಸ್ ಪೆಟ್ಟಿಗೆ ಇರುತ್ತದೆ. ಎಷ್ಟು ದೂರ, ಎಷ್ಟು ವೇಗ, ಎಷ್ಟು ಸಲ ಜೋರಾಗಿ ಓಡಿದ ಎಂಬ ಲೆಕ್ಕ ಎಲ್ಲವೂ ಅದರಲ್ಲಿ ಸಿಗುತ್ತದೆ. ಇಂಥ ಉಪಕರಣ ಮಾಡುವ ಕ್ಯಾಟಪಲ್ಟ್ ಎಂಬ ಕಂಪನಿ 2006ರಲ್ಲಿ ಶುರುವಾದದ್ದೂ ಮೆಲ್ಬರ್ನ್‌ನಲ್ಲೇ. ತರಬೇತುದಾರರು ವಾರವಾರ ಆ ಅಂಕಿಗಳನ್ನು ನೋಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಇವತ್ತಿಗೆ ಸಾಕು ಎಂದು ಹುಡುಗನನ್ನು ಓಟದಿಂದ ಹೊರಗೆ ಕಳಿಸುವುದೂ ಉಂಟು. ಸೋಮಾರಿ ಎಂದಲ್ಲ, ಅವನ ಲೆಕ್ಕ ಆ ದಿನಕ್ಕೆ ಮುಗಿದಿದೆ ಎಂದು.

ಓಟದ ಜೊತೆಗೆ ಜಿಮ್, ಈಜು, ವಿಡಿಯೋ ನೋಡಿ ಪಾಠ, ಒದೆಯುವ ಅಭ್ಯಾಸ ಎಲ್ಲವೂ ಇರುತ್ತವೆ. 2 ಕಿಲೋಮೀಟರ್ ಓಟದ ಪರೀಕ್ಷೆ ಪ್ರಸಿದ್ಧ. ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸಿದವರು ಮುಂದಿನ ಸಾಲಿನವರು. ಅದರಲ್ಲಿ ಹೊಸ ಹುಡುಗನೊಬ್ಬ ಹಿರಿಯರನ್ನು ಹಿಂದಿಕ್ಕಿದರೆ ಮರುದಿನ ಪತ್ರಿಕೆಯಲ್ಲಿ ಸುದ್ದಿ.

ಕಷ್ಟಕ್ಕೂ ಒಂದು ಗೆರೆ

ಕಠಿಣವಾದಷ್ಟೂ ಒಳ್ಳೆಯದು ಎಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಡಿಲೇಡ್ ಕ್ಲಬ್ ಉದಾಹರಣೆ. 2017ರ ಫೈನಲ್‌ನಲ್ಲಿ ಅದು ರಿಚ್ಮಂಡ್ ಎದುರು 48 ಅಂಕಗಳಿಂದ ಸೋತಿತು. ಮನಸ್ಸು ಗಟ್ಟಿ ಮಾಡಬೇಕೆಂದು 2018ರ ಆರಂಭದಲ್ಲಿ, ಋತುವಿಗೆ ಮೊದಲು, ಹೊರಗಿನವರಿಂದ ಒಂದು ಶಿಬಿರ ನಡೆಸಿದರು. ಅಲ್ಲಿ ಆಟಗಾರರು ನಂಬಿ ಹೇಳಿಕೊಂಡಿದ್ದ ವೈಯಕ್ತಿಕ ವಿಷಯಗಳನ್ನೇ ಅವರ ಮೇಲೆ ಪ್ರಯೋಗಿಸಲಾಯಿತು ಎಂದು ಎಡ್ಡಿ ಬೆಟ್ಸ್ ಎಂಬ ಹೆಸರಾಂತ ಆಟಗಾರ 2022ರಲ್ಲಿ ತನ್ನ ಆತ್ಮಕಥೆಯಲ್ಲಿ ಬರೆದರು. ಕ್ಲಬ್ ಬಹಿರಂಗವಾಗಿ ಕ್ಷಮೆ ಕೇಳಿತು. ಆ ಶಿಬಿರದ ನಂತರದ ಋತುವಿನಲ್ಲಿ ಅಡಿಲೇಡ್ 12ನೇ ಸ್ಥಾನಕ್ಕೆ ಇಳಿದಿತ್ತು. ಓಟದ ಲೆಕ್ಕ ಯಂತ್ರದಲ್ಲಿ ಕಾಣುತ್ತದೆ. ಅವಮಾನದ ಲೆಕ್ಕ ಯಾವ ಯಂತ್ರದಲ್ಲೂ ಕಾಣುವುದಿಲ್ಲ.

ತಡವಾಗಿ ಕಲಿತವರು

ಎಲ್ಲ ಹೊಸಬರೂ ಬಾಲ್ಯದಿಂದ ಈ ಆಟ ಆಡಿದವರಲ್ಲ. ಜಿಮ್ ಸ್ಟೈನ್ಸ್ 1984ರಲ್ಲಿ ಐರ್ಲೆಂಡ್‌ನ ಡಬ್ಲಿನ್‌ನಿಂದ ಮೆಲ್ಬರ್ನ್ ಕ್ಲಬ್‌ಗೆ ಬಂದಾಗ 18 ವರ್ಷದ ಹುಡುಗ. ಈ ಚೆಂಡನ್ನು ಒದೆಯುವುದನ್ನೇ ಹೊಸದಾಗಿ ಕಲಿಯಬೇಕಿತ್ತು. 1987ರ ಸೆಮಿಫೈನಲ್‌ನಂಥ ಪಂದ್ಯದ ಕೊನೆಯ ಕ್ಷಣದಲ್ಲಿ, ಎದುರಾಳಿ ಚೆಂಡು ಒದೆಯಲು ನಿಂತಿದ್ದಾಗ ಅಡ್ಡ ಓಡಿ ನಿಯಮ ಮುರಿದ. ಎದುರಾಳಿಗೆ 15 ಮೀಟರ್ ಹತ್ತಿರದಿಂದ ಒದೆಯುವ ಅವಕಾಶ ಸಿಕ್ಕಿತು, ಗೋಲಾಯಿತು, ಮೆಲ್ಬರ್ನ್ ಎರಡು ಅಂಕಗಳಿಂದ ಸೋತಿತು. ಇಡೀ ನಗರ ಬೈದ ಆ ಹುಡುಗನೇ 1991ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಗೆದ್ದ. ಒಂದೂ ಪಂದ್ಯ ತಪ್ಪಿಸದೆ ಸತತ 244 ಪಂದ್ಯ ಆಡಿ ದಾಖಲೆ ಬರೆದ.

ನಮ್ಮಲ್ಲಿ ಕೆಲವರು ಬಾಚರ್ ಹೌಲಿ ಹೆಸರು ಕೇಳಿರಬಹುದು. ಲೆಬನಾನ್ ಮೂಲದ ಕುಟುಂಬದ ಈ ಮುಸ್ಲಿಂ ಆಟಗಾರನನ್ನು 2006ರ ಡ್ರಾಫ್ಟ್‌ನಲ್ಲಿ ಎಸೆಂಡನ್ ಕ್ಲಬ್ ಆರಿಸಿದ್ದು 42ನೇ ಆಯ್ಕೆಯಾಗಿ. ನಾಲ್ಕು ಋತು ಕಳೆದರೂ ಅಲ್ಲಿ ಜಾಗ ಗಟ್ಟಿಯಾಗಲಿಲ್ಲ. ನಂತರ ರಿಚ್ಮಂಡ್ ಸೇರಿ 2017, 2019, 2020ರಲ್ಲಿ ಮೂರು ಚಾಂಪಿಯನ್ ತಂಡಗಳಲ್ಲಿ ಆಡಿದರು. ತಮ್ಮ ನಂಬಿಕೆಯನ್ನು ಮುಚ್ಚಿಡದೆ ಆಡಿದ ಅವರನ್ನು ನೋಡಿ ಆಟಕ್ಕೆ ಬಂದ ಹುಡುಗರು ಬಹಳ. ಹುಡುಗಿಯರೂ ಹಿಂದೆ ಬಿದ್ದಿಲ್ಲ. 2017ರಲ್ಲಿ ಮಹಿಳಾ ಲೀಗ್ ಆರಂಭವಾಯಿತು, 2019ರಲ್ಲಿ ಹನೀನ್ ಝ್ರೈಕಾ ಅಲ್ಲಿ ಆಡಿದ ಮೊದಲ ಮುಸ್ಲಿಂ ಮಹಿಳೆಯಾದರು.

ಇನ್ನೊಂದು ಬದಿಯನ್ನೂ ಹೇಳಬೇಕು. ಕ್ಲಬ್‌ನ ಪಟ್ಟಿಯಲ್ಲಿ ಜಾಗ ಇರುವುದು ನಲವತ್ತು ಚಿಲ್ಲರೆ. ಹೊಸಬನೊಬ್ಬ ಒಳಗೆ ಬಂದರೆ ಹಳಬನೊಬ್ಬ ಹೊರಗೆ ಹೋಗಲೇಬೇಕು. ಎರಡು ಮೂರು ವರ್ಷಕ್ಕೇ ಹೆಸರು ಕಳೆದುಕೊಳ್ಳುವವರು ಪ್ರತಿ ವರ್ಷವೂ ಇದ್ದಾರೆ. ಇಪ್ಪತ್ತೊಂದು ವರ್ಷಕ್ಕೆ ‘ಮಾಜಿ ಆಟಗಾರ’. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಅವಕಾಶ ವೆಚ್ಚ ಎಂಬ ಪಾಠ ಇದೆಯಲ್ಲ, ಅದು ಇದೇ. ಅದಕ್ಕಾಗಿಯೇ ಆಟದ ಜೊತೆಗೆ ಏನಾದರೂ ಓದು, ಕೆಲಸ ಕಲಿ ಎಂದು ಹೊಸಬರಿಗೆ ಅಲ್ಲಿನವರು ಹೇಳುತ್ತಾರೆ.

ನಮಗೆ ಇದರಿಂದ ಏನು?

ನಾನು ಹತ್ತನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದವನು. ಫಸ್ಟ್ ಪಿಯುಗೆ ಬಂದಾಗ ಅಕೌಂಟೆನ್ಸಿ ಇಂಗ್ಲಿಷ್‌ನಲ್ಲಿತ್ತು, ಗೆಳೆಯರ ಮಾತು ಕನ್ನಡದಲ್ಲಿತ್ತು. ಮೊದಲ ತಿಂಗಳು ಡೆಬಿಟ್ ಯಾವ ಕಡೆ, ಕ್ರೆಡಿಟ್ ಯಾವ ಕಡೆ ಎಂಬುದೂ ತಲೆಗೆ ಹೋಗಲಿಲ್ಲ. ಅಬ್ಬಾ ಹತ್ತಿರ “ಆರ್ಟ್ಸ್‌ಗೆ ಬದಲಾಯಿಸಿಕೊಳ್ಳಲೇ?” ಎಂದು ಕೇಳಿಯೂ ಬಿಟ್ಟಿದ್ದೆ. ಸೀನಿಯರ್ ಒಬ್ಬರು ದಿನಕ್ಕೆ ಐದೇ ಐದು ಜರ್ನಲ್ ಎಂಟ್ರಿ ಬರೆಸುತ್ತಿದ್ದರು. ಆರನೆಯದನ್ನು ಕೇಳಿದರೆ “ನಾಳೆ” ಎನ್ನುತ್ತಿದ್ದರು. ಆಗ ಅದು ಅರ್ಥವಾಗಿರಲಿಲ್ಲ. ಮೆಲ್ಬರ್ನ್‌ನ ಹುಡುಗರ ಜಿಪಿಎಸ್ ಲೆಕ್ಕ ಓದಿದ ಮೇಲೆ ಅರ್ಥವಾಯಿತು.

ಈ ಜೂನ್‌ನಲ್ಲಿ ನಮ್ಮ ಕಾಲೇಜಿಗೂ ಹೊಸಬರು ಬರುತ್ತಾರೆ. ಕೆಲವರು ಹಳ್ಳಿಯಿಂದ, ಕೆಲವರು ಬೇರೆ ಮಾಧ್ಯಮದಿಂದ. ಮೊದಲ ಕಿರು ಪರೀಕ್ಷೆಯ ಅಂಕ ನೋಡಿ ಅವರನ್ನು ಅಳೆಯುವುದು ಬೇಡ. ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡೋಣ, ದಿನಕ್ಕೆ ಐದು ಎಂಟ್ರಿ ಬರೆಸೋಣ. ಅವರ ಪಂದ್ಯ ಇರುವುದು ಮಾರ್ಚ್‌ನಲ್ಲಿ.