ಕಚೇರಿ ತಂತ್ರಾಂಶದ ಐಚ್ಛಿಕ ವಿಸ್ತರಣೆಗಳು: ವರ್ತಕರು ತಿಳಿದಿರಬೇಕಾದ ಸಂಗತಿಗಳು

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಮುಚ್ಚಿದ ತರುವಾಯ ಕೆ.ಜಿ.ಎಫ್. ಹಾಗೂ ಬಂಗಾರಪೇಟೆಯ ಸಣ್ಣ ಉದ್ಯಮಿಗಳು ಪ್ರತಿಯೊಂದು ಖರ್ಚನ್ನೂ ತೂಗಿ ನೋಡಬೇಕಾದ ಪರಿಸ್ಥಿತಿ ಬಂದಿತು. ಕಚೇರಿಯ ಗಣಕಯಂತ್ರದ ತಂತ್ರಾಂಶವೂ ಅಂತಹ ಒಂದು ಖರ್ಚು. ಅದನ್ನು ಉಳಿಸಲು ಪರವಾನಗಿಯಿಲ್ಲದ ಪ್ರತಿಯನ್ನು ಬಳಸುವುದು ಅಪಾಯಕರ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ವ್ಯಾಪಾರದಲ್ಲಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಇದಕ್ಕೆ ನ್ಯಾಯಸಮ್ಮತವಾದ ಪರ್ಯಾಯವೆಂದರೆ ಲಿನಕ್ಸ್ ಮತ್ತು ಅದರೊಡನೆ ದೊರೆಯುವ ಲಿಬ್ರೆಆಫೀಸ್. 2000ದಲ್ಲಿ ಮುಕ್ತಗೊಂಡ ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಈ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ.

ವಿಸ್ತರಣೆ ಎಂದರೇನು?

ಮೂಲ ತಂತ್ರಾಂಶಕ್ಕೆ ಹೊಸ ಸಾಮರ್ಥ್ಯವನ್ನು ಕೂಡಿಸುವ ಪುಟ್ಟ ಘಟಕವೇ ವಿಸ್ತರಣೆ. ‘ಓಎಕ್ಸ್‌ಟಿ’ ಎಂಬ ಕಡತದಲ್ಲಿ ಅದರ ಭಾಗಗಳನ್ನೆಲ್ಲ ಒಟ್ಟಾಗಿ ಅಡಕಗೊಳಿಸಿರುತ್ತಾರೆ. ಕ್ಲಿಷ್ಟ ಲೆಕ್ಕಗಳನ್ನು ಬಿಡಿಸುವುದು, ದತ್ತಸಂಚಯದಿಂದ ವರದಿ ತಯಾರಿಸುವುದು, ಕಾಗುಣಿತ ಪರೀಕ್ಷೆಗೆ ನಿಘಂಟು ಒದಗಿಸುವುದು ಮುಂತಾದವು ಇವುಗಳ ಕೆಲಸ.

ಎಲ್ಲವನ್ನೂ ಒಂದೇ ಗಂಟಿನಲ್ಲಿ ಏಕೆ ಕೊಡುವುದಿಲ್ಲವೆಂಬ ಪ್ರಶ್ನೆ ಸಹಜ. ಕೆಲವು ವಿಸ್ತರಣೆಗಳಿಗೆ ಜಾವಾ ಬೇಕು. ಕೇವಲ ಪತ್ರ ಬರೆಯುವ ಅಂಗಡಿಯವರಿಗೆ ಅದು ಅನಗತ್ಯ ಹೊರೆ. ಆದುದರಿಂದ ಡೆಬಿಯನ್‌ನಂತಹ ಲಿನಕ್ಸ್ ಆವೃತ್ತಿಗಳು ರೈಟರ್, ಕ್ಯಾಲ್ಕ್, ಬೇಸ್ ಹಾಗೂ ವಿಸ್ತರಣೆಗಳನ್ನು ಬೇರೆ ಬೇರೆ ಪ್ಯಾಕೇಜುಗಳಾಗಿ ಒದಗಿಸುತ್ತವೆ. ಪ್ರತಿ ಪ್ಯಾಕೇಜಿನಲ್ಲಿಯೂ ‘ಅವಶ್ಯ’, ‘ಶಿಫಾರಸು’, ‘ಸಲಹೆ’ ಎಂಬ ಮೂರು ಬಗೆಯ ಸಂಬಂಧಗಳನ್ನು ನಮೂದಿಸಬಹುದು. ಮೊದಲಿನ ಎರಡು ಬಗೆಯವು ಸಾಮಾನ್ಯವಾಗಿ ತಾವಾಗಿಯೇ ಸ್ಥಾಪನೆಗೊಳ್ಳುತ್ತವೆ. ಮೂರನೆಯದು ಬಳಕೆದಾರರ ಇಚ್ಛೆಗೆ ಬಿಟ್ಟದ್ದು.

ನಮ್ಮ ಪ್ರದೇಶಕ್ಕೆ ಇದರ ಉಪಯೋಗ

ಕೆ.ಜಿ.ಎಫ್. ಬಹುಭಾಷಿಕರ ಊರು. ರಾಬರ್ಟ್‌ಸನ್‌ಪೇಟೆಯ ವರ್ತಕರು ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಗಿರಾಕಿಗಳೊಡನೆ ವ್ಯವಹರಿಸುತ್ತಾರೆ. ಲಿಬ್ರೆಆಫೀಸ್‌ನ ಭಾಷಾ ಪ್ಯಾಕೇಜುಗಳು ಪ್ರತ್ಯೇಕವಾಗಿರುವುದರಿಂದ ಬೇಕಾದ ಭಾಷೆಯನ್ನಷ್ಟೇ ಆರಿಸಿಕೊಳ್ಳಬಹುದು. ಹೆಸರಿನ ಕೊನೆಯಲ್ಲಿ ‘ಕೆಎನ್’ ಎಂದಿದ್ದರೆ ಕನ್ನಡ, ‘ಟಿಎ’ ಎಂದಿದ್ದರೆ ತಮಿಳು, ‘ಟಿಇ’ ಎಂದಿದ್ದರೆ ತೆಲುಗು. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಅಕ್ಷರ ವಿನ್ಯಾಸಗಳೂ ಡೆಬಿಯನ್‌ನ ಭಂಡಾರದಲ್ಲಿವೆ.

ಎಚ್ಚರಿಕೆಯ ಮಾತು

ವಿಸ್ತರಣೆಯನ್ನು ಅಂತರಜಾಲದಿಂದ ನೇರವಾಗಿ ಇಳಿಸಿಕೊಂಡು ಹಾಕಿಕೊಂಡರೆ ಅದು ಸಾಮಾನ್ಯವಾಗಿ ಆ ಬಳಕೆದಾರರ ಖಾತೆಗೆ ಮಾತ್ರ ಸೀಮಿತ. ಅದೇ ಯಂತ್ರದಲ್ಲಿ ಗುಮಾಸ್ತರು ತಮ್ಮ ಖಾತೆಯಿಂದ ಪ್ರವೇಶಿಸಿದರೆ ಅದು ಕಾಣಿಸದು. ಲಿಬ್ರೆಆಫೀಸ್ ಹೊಸ ಆವೃತ್ತಿಗೆ ಬದಲಾದಾಗ ಅದು ಹೊಂದಿಕೊಳ್ಳದೆಯೂ ಹೋಗಬಹುದು. ಮೇಲಾಗಿ ವಿಸ್ತರಣೆಯೂ ಒಂದು ಕ್ರಮವಿಧಿಯೇ. ನಿಮ್ಮ ಕಡತಗಳನ್ನು ಓದುವ, ತಿದ್ದುವ ಅಧಿಕಾರ ಅದಕ್ಕೆ ದೊರೆಯುತ್ತದೆ. ಅಧಿಕೃತ ಭಂಡಾರದ ಪ್ಯಾಕೇಜಾದರೋ ಯಂತ್ರದ ಎಲ್ಲ ಬಳಕೆದಾರರಿಗೂ ಲಭ್ಯ. ಅದರ ಮೂಲವನ್ನು ಡಿಜಿಟಲ್ ಸಹಿಯಿಂದ ಪರಿಶೀಲಿಸಲಾಗುತ್ತದೆ. ತಿದ್ದುಪಡಿಗಳು ವ್ಯವಸ್ಥೆಯ ಇತರ ತಿದ್ದುಪಡಿಗಳೊಡನೆಯೇ ಬರುತ್ತವೆ. ಆದಕಾರಣ ಮೊದಲು ಭಂಡಾರದಲ್ಲಿ ಹುಡುಕಿ, ಅಲ್ಲಿ ದೊರೆಯದಿದ್ದಲ್ಲಿ ಮಾತ್ರ ಹೊರಗಿನದನ್ನು ಪರಿಗಣಿಸುವುದು ಲೇಸು.

ಬದಲಾವಣೆಗೆ ಮುನ್ನ ತಾವು ಬಳಸುತ್ತಿರುವ ಲೆಕ್ಕಪತ್ರ ತಂತ್ರಾಂಶವು ಲಿನಕ್ಸ್‌ನಲ್ಲಿ ನಡೆಯುವುದೇ ಎಂದು ವಿಚಾರಿಸಬೇಕು. ಮ್ಯಾಕ್ರೋಗಳುಳ್ಳ ಹಳೆಯ ಕೋಷ್ಟಕಗಳನ್ನು ತೆರೆದು ಪರೀಕ್ಷಿಸಬೇಕು. ಎಲ್ಲ ಕಡತಗಳ ಪ್ರತಿಯನ್ನು ತೆಗೆದಿರಿಸಿ, ಒಂದೇ ಒಂದು ಯಂತ್ರದಲ್ಲಿ ಒಂದು ತಿಂಗಳ ವ್ಯವಹಾರವನ್ನು ನಡೆಸಿ ನೋಡಿ, ತೃಪ್ತಿಯಾದಲ್ಲಿ ಮುಂದುವರಿಯಬಹುದು. ಬೇಕಾದುದನ್ನಷ್ಟೇ ಕೊಳ್ಳುವುದು ವರ್ತಕರಿಗೆ ಹೊಸ ಪಾಠವೇನಲ್ಲ. ಗಣಕಯಂತ್ರದ ವಿಷಯದಲ್ಲಿಯೂ ಅದೇ ವಿವೇಕವನ್ನು ಪಾಲಿಸಿದರೆ ಹಣವೂ ಉಳಿಯುತ್ತದೆ, ಕಾನೂನಿನ ಭಯವೂ ಇರುವುದಿಲ್ಲ.