ಅಕ್ಕಡಿ ಸಾಲಿನಿಂದ ಹಿತ್ತಲಿಗೆ

ಬಾಗಲಕೋಟೆ ಜಿಲ್ಲೆಯ ಕುಳಗೇರಿ ಕ್ರಾಸಿನ ಸುತ್ತಲಿನ ಎರೆ ಸೀಮೆಯಲ್ಲಿ ಕಾಯಿಪಲ್ಲೆಯನ್ನು ರೊಕ್ಕ ಕೊಟ್ಟು ತರುವ ರೂಢಿ ತೀರಾ ಹಳೆಯದೇನಲ್ಲ. ಜೋಳ, ಸಜ್ಜೆ ಬಿತ್ತುವಾಗಲೇ ನಡುನಡುವೆ ಅಕ್ಕಡಿ ಸಾಲು ಹಿಡಿಯುತ್ತಿದ್ದರು. ಅದರಲ್ಲಿ ಏನು ಬಿತ್ತಬೇಕೆಂಬುದು ಮನೆಯ ಹೆಣ್ಣುಮಕ್ಕಳಿಗೆ ಬಿಟ್ಟ ಮಾತು: ಪುಂಡಿ, ಅಲಸಂದಿ, ಮಡಿಕೆ, ಸೌತಿ. ಹಿಂಗಾರಿಯಲ್ಲಿ ಹಕ್ಕರಿಕಿ ಯಾರೂ ಬಿತ್ತದೆ ತಾನೇ ಏಳುತ್ತಿತ್ತು. ಕಸ ತೆಗೆಯಲು ಹೋದವರು ಉಡಿ ತುಂಬ ಪಲ್ಲೆ ತರುತ್ತಿದ್ದರು.

ಕೊಳವೆಬಾವಿ, ಕಾಲುವೆಗಳ ಹಿಂದೆಯೇ ಗೋವಿನಜೋಳ, ಕಬ್ಬು ಬಂದವು. ಹೊಲ ಒಂದೇ ಪೀಕಿಗೆ ತಿರುಗಿತು, ಅಕ್ಕಡಿ ಅಳಿಯಿತು. ಕಳೆನಾಶಕಕ್ಕೆ ಹಕ್ಕರಿಕಿಯೂ ಕಸವೇ. ಹೊಲದಲ್ಲಿ ನೆಲೆ ತಪ್ಪಿದ ಪಲ್ಲೆಗೆ ಉಳಿದದ್ದು ಹಿತ್ತಲು.

ಈ ಕಡೆ ವರ್ಷದ ಮಳೆ ಸುಮಾರು 600 ಮಿ.ಮೀ. ಅಷ್ಟರಲ್ಲಿ ಹಿತ್ತಲನ್ನು ಕಾಯ್ದದ್ದು ಬಚ್ಚಲ ನೀರು. ಮೋರಿಯ ಬಾಯಿಗೆ ಬಾಳೆ, ಅದರಾಚೆ ನುಗ್ಗೆ. ಸಾಬೂನಿನ ನೀರು ಇವೆರಡಕ್ಕೆ. ಪಾತ್ರೆ, ಅಕ್ಕಿ ತೊಳೆದ ನೀರು ಮೆಂತೆ, ಕೊತ್ತಂಬರಿ, ಮುಳಗಾಯಿ ಮಡಿಗೆ. ಹಿತ್ತಲಿಲ್ಲದವರು ಖಾಲಿ ಸಿಮೆಂಟ್ ಚೀಲದಲ್ಲಿ ಮಣ್ಣು, ತಿಪ್ಪೆಗೊಬ್ಬರ ತುಂಬಿ ಮಾಳಿಗೆ ಮೇಲೆ ಇಡಬಹುದು. ಚೀಲದ ತಳಕ್ಕೆ ತೂತು ಹಾಕುವುದನ್ನು ಮಾತ್ರ ಮರೆಯಬಾರದು. ನೀರು ನಿಂತರೆ ಬೇರು ಕೊಳೆಯುತ್ತದೆ.

2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಈಗ ಅದರಡಿ ಇರುವ ಅರಭಾವಿ ಕಾಲೇಜಿನಲ್ಲಿ ರೂಪುಗೊಂಡ ‘ಭಾಗ್ಯ’ ನುಗ್ಗೆ, ಬೀಜ ಊರಿದ ವರ್ಷದೊಳಗೇ ಕಾಯಿ ಬಿಡುತ್ತದೆ. 2018ರ ಪೋಷಣ್ ಅಭಿಯಾನದ ನಂತರ ಅಂಗನವಾಡಿಗಳ ಅಂಗಳದಲ್ಲೂ ಪೌಷ್ಟಿಕ ಕೈತೋಟದ ಮಾತು ಕೇಳಿಬಂತು. ಒಳ್ಳೆಯದೇ. ಆದರೆ ಅಂಗಡಿಯ ಹೈಬ್ರಿಡ್ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ಪೀಳಿಗೆ ಮೊದಲಿನಂತೆ ಬರುವುದಿಲ್ಲ. ಪ್ರತಿ ವರ್ಷ ಕೊಳ್ಳಲೇಬೇಕು. ಕಡಿಮೆ ಖರ್ಚಿನ ಕೈತೋಟ ಸೋಲುವುದು ಇಲ್ಲೇ ಎಂದು ನನಗನಿಸುತ್ತದೆ.

ಜವಾರಿ ಬೀಜದ ಲೆಕ್ಕವೇ ಬೇರೆ. ಬಳ್ಳಿಯ ಒಳ್ಳೆಯ ಹೀರೇಕಾಯಿಯೊಂದನ್ನು ಕೊಯ್ಯದೆ ಬಿಡುತ್ತಾರೆ. ಅದು ಕಂದುಗಟ್ಟಿ ಹಗುರಾಗಿ, ಅಲುಗಿಸಿದರೆ ಒಳಗೆ ಗಿಲಗಿಲ ಸದ್ದಾದಾಗ ತಂದು ಜಂತಿಗೆ ಕಟ್ಟುತ್ತಾರೆ. ಸೌತಿಬೀಜವನ್ನು ಸಗಣಿಯಲ್ಲಿ ಕಲಸಿ ಬೆರಣಿಯಂತೆ ಗೋಡೆಗೆ ತಟ್ಟುತ್ತಾರೆ, ಕಾಳನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಗೆ ತುಂಬುತ್ತಾರೆ, ಹುಳ ಮುಟ್ಟುವುದಿಲ್ಲ. ರೋಹಿಣಿ ಮಳೆ ಬಿದ್ದಾಗ ಓಣಿಯೊಳಗೇ ಬೀಜ ಕೈ ಬದಲಾಗುತ್ತದೆ: ಹೀರೆ ಕೊಟ್ಟವರಿಗೆ ಅವರೆ, ಅವರೆ ಕೊಟ್ಟವರಿಗೆ ಪುಂಡಿ. ಅಂಗನವಾಡಿಯ ಕೈತೋಟಕ್ಕೂ ಮೊದಲ ಬೀಜ ಆ ಗಡಿಗೆಗಳಿಂದಲೇ ಹೋಗಲಿ.