ತಪ್ಪು ಹುಡುಕಿದವರಿಗೆ 2.56 ಡಾಲರ್

ಸ್ಯಾನ್ ಸೆರಿಫ್ ಎಂಬ ದ್ವೀಪದೇಶ ಭೂಪಟದಲ್ಲಿ ಎಲ್ಲೂ ಸಿಗುವುದಿಲ್ಲ. 1977ರ ಏಪ್ರಿಲ್ 1ರಂದು ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆ ಅದರ ಬಗ್ಗೆ ಏಳು ಪುಟದ ಪುರವಣಿ ತಂದು ಓದುಗರನ್ನು ಬೇಸ್ತು ಬೀಳಿಸಿತ್ತು. ರಾಜಧಾನಿ ಬೊಡೋನಿ, ಆಳುವವನು ಜನರಲ್ ಪೈಕಾ. ಒಂದು ಅಕ್ಷರಶೈಲಿಯ ಹೆಸರು, ಇನ್ನೊಂದು ಅಚ್ಚುಮನೆಯ ಅಳತೆ. ಮೊಳೆ ಜೋಡಿಸಿ ಗೊತ್ತಿದ್ದವರು ಮಾತ್ರ ಮೊದಲ ಪುಟಕ್ಕೇ ನಕ್ಕಿರಬೇಕು. ಇಲ್ಲದ ಆ ದೇಶದಲ್ಲಿ ಈಗ ಒಂದು ಬ್ಯಾಂಕಿದೆ. ಅದರ ಖಾತೆದಾರರು ಮಾತ್ರ ನಮ್ಮ ನಿಮ್ಮಂತೆ ಇರುವ ಜನ. ಖಾತೆ ತೆರೆಯಲು ಆಧಾರ್, ಪ್ಯಾನ್ ಏನೂ ಬೇಡ. ಡೊನಾಲ್ಡ್ ಕನೂತ್ ಬರೆದ ಪುಸ್ತಕದಲ್ಲಿ ಒಂದು ತಪ್ಪು ಹುಡುಕಿದರಾಯಿತು.

1938ರಲ್ಲಿ ಹುಟ್ಟಿದ ಕನೂತ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕರು. ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಮಾಲೆಯ ಮೊದಲ ಸಂಪುಟ ಬಂದದ್ದು 1968ರಲ್ಲಿ. ಮಾಲೆ ಇನ್ನೂ ಮುಗಿದಿಲ್ಲ. ಅದರಲ್ಲಿರುವ ತಪ್ಪನ್ನು ಮೊದಲು ತಿಳಿಸಿದವರಿಗೆ 2.56 ಡಾಲರ್. ಲೆಕ್ಕದ ತಪ್ಪು, ಚರಿತ್ರೆಯ ತಪ್ಪು, ಅಚ್ಚಿನ ತಪ್ಪು, ಎಲ್ಲಕ್ಕೂ ಒಂದೇ ದರ. ತಪ್ಪೇನಿಲ್ಲ, ಹೀಗೆ ಬರೆದರೆ ಇನ್ನೂ ಚೆನ್ನ ಎಂಬಂಥ ಒಳ್ಳೆಯ ಸಲಹೆಗೆ 32 ಸೆಂಟ್. ಈ ವಿಚಿತ್ರ ಮೊತ್ತ ಯಾಕೆಂದರೆ, ಕಂಪ್ಯೂಟರಿನವರು ಹತ್ತರ ಬದಲು ಹದಿನಾರರ ಗುಣಕದಲ್ಲಿ ಎಣಿಸುವುದುಂಟು. ಆ ಎಣಿಕೆಯಲ್ಲಿ 100 ಎಂದು ಬರೆದರೆ ನಮ್ಮ ಲೆಕ್ಕಕ್ಕೆ 256. ಅವರ ಪಾಲಿಗೆ ಅದು ದುಂಡಗೆ ಒಂದು ಡಾಲರ್.

ಮೊದಲೆಲ್ಲ ನಿಜವಾದ ಚೆಕ್ಕನ್ನೇ ಬರೆದು ಕಳಿಸುತ್ತಿದ್ದರು. ಪಡೆದವರಲ್ಲಿ ಬಹಳ ಮಂದಿ ಬ್ಯಾಂಕಿಗೆ ಹಾಕಲೇ ಇಲ್ಲ, ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟರು. ಕೆಲವರು ಹೆಮ್ಮೆಯಿಂದ ಅದರ ಫೋಟೊವನ್ನು ಇಂಟರ್ನೆಟ್ಟಿಗೂ ಹಾಕಿದರು. ಖಾತೆ ನಂಬರು ಕಳ್ಳರ ಕಣ್ಣಿಗೂ ಬಿತ್ತು. 2008ರಲ್ಲಿ ಕನೂತ್ ಚೆಕ್ ನಿಲ್ಲಿಸಿ, ಸ್ಯಾನ್ ಸೆರಿಫ್ ಬ್ಯಾಂಕಿನ ಠೇವಣಿ ಪತ್ರ ಕೊಡತೊಡಗಿದರು. ಯಾರ ಖಾತೆಯಲ್ಲಿ ಎಷ್ಟಿದೆ ಎಂಬ ಪಟ್ಟಿ ಅವರ ಜಾಲತಾಣದಲ್ಲಿ ಹೆಸರಿನ ಸಮೇತ ಸಿಗುತ್ತದೆ. ವಂಚಕರಿಗೆ ಉಪಯೋಗವಿಲ್ಲ, ಹೆಸರಿದ್ದವರಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಇದನ್ನೆಲ್ಲ ಮೇಷ್ಟರೊಬ್ಬರ ಚೇಷ್ಟೆ ಎಂದು ನಕ್ಕು ಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ತಪ್ಪು ತೋರಿಸಿದವರಿಗೆ ಕೃತಜ್ಞತೆ ಸಲ್ಲಿಸುವುದು ಸೌಜನ್ಯದ ಮಾತಿಗಿಂತ ಹೆಚ್ಚಾಗಿ ಲೆಕ್ಕ ಇಡುವ ಕೆಲಸ. ಯಾರು ಹೇಳಿದರು, ಏನು ಹೇಳಿದರು, ಅದರಿಂದ ಏನು ಬದಲಾಯಿತು ಎಂಬುದು ದಾಖಲೆಯಲ್ಲಿ ಉಳಿಯಬೇಕು. ಹೋಟೆಲಿನವರು, ಬ್ಯಾಂಕಿನವರು ‘ನಿಮ್ಮ ಅನಿಸಿಕೆಗೆ ಧನ್ಯವಾದ’ ಎಂದು ಕಳಿಸುವ ಮೆಸೇಜು, ನಾವು ಬರೆದದ್ದನ್ನು ಯಾರಾದರೂ ಓದುವ ಮೊದಲೇ ಬಂದು ಬೀಳುತ್ತದಲ್ಲ!

ಮೊತ್ತ ಸಣ್ಣದಾಗಿರುವುದರಲ್ಲೂ ಒಂದು ಜಾಣತನವಿದೆ. ಅದು ಕೂಲಿ ಆಗುವಷ್ಟಿಲ್ಲ. ಅಲ್ಪವಿರಾಮದ ತಪ್ಪಿಗೂ ಪ್ರಮೇಯದ ತಪ್ಪಿಗೂ, ವಿದ್ಯಾರ್ಥಿಗೂ ಪ್ರಾಧ್ಯಾಪಕನಿಗೂ ಒಂದೇ ಆದ್ದರಿಂದ ತಕರಾರೂ ಇಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ದೋಷ ಹುಡುಕಿದವರಿಗೆ ಬಹುಮಾನ ಘೋಷಿಸಿತು. ಆಮೇಲೆ ಗೂಗಲ್, ಮೈಕ್ರೋಸಾಫ್ಟ್ ಕೂಡ ಅದೇ ಹಾದಿ ಹಿಡಿದವು. ಈಗ ಅದೊಂದು ಕಸುಬು. ಕಸುಬು ಆದದ್ದರಲ್ಲಿ ತಪ್ಪಿಲ್ಲ, ಅಲ್ಲಿ ನಡೆಯುವುದು ವ್ಯಾಪಾರ, ಅಷ್ಟೆ.

ಕನೂತ್ ತಮ್ಮ ಸ್ವಂತ ತಪ್ಪುಗಳಿಗೂ ಲೆಕ್ಕ ಇಟ್ಟವರು. 1977ರಲ್ಲಿ ತಮ್ಮ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿ ಕನೂತ್‌ಗೆ ಜೀವ ಹೋದಂತಾಯಿತು. ಹಳೆಯ ಮೊಳೆಯಚ್ಚು ಹೋಗಿ ಬಂದಿದ್ದ ಹೊಸ ತಂತ್ರದಲ್ಲಿ ಅಕ್ಷರಗಳು ಅಷ್ಟು ವಿಕಾರವಾಗಿದ್ದವು. ಸರಿ, ತಾವೇ ‘ಟೆಕ್’ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಬರೆಯಲು ಕೂತರು. ಗಣಿತದ ಪುಸ್ತಕಗಳು ಇಂದಿಗೂ ಹೆಚ್ಚಾಗಿ ಅದರಲ್ಲೇ ಸಿದ್ಧವಾಗುತ್ತವೆ, ಗಣಿತಜ್ಞ ಸಿ. ಎಸ್. ಯೋಗಾನಂದ ಮತ್ತು ಗೆಳೆಯರು ಅದಕ್ಕೆ ಕನ್ನಡವನ್ನೂ ಕಲಿಸಿದ್ದಾರೆ. ಟೆಕ್ ಬರೆಯುತ್ತ ಕನೂತ್ ತಮ್ಮ ತಪ್ಪುಗಳದೇ ಒಂದು ದಿನಚರಿ ಇಟ್ಟರು. ಹತ್ತು ವರ್ಷದ ಆ ಪಟ್ಟಿಯಲ್ಲಿ 850ಕ್ಕೂ ಹೆಚ್ಚು ನಮೂದುಗಳಿದ್ದವು. ಅವನ್ನು ಹದಿನೈದು ಬಗೆಯಾಗಿ ವಿಂಗಡಿಸಿ 1989ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ತನಗೆ ಗೊತ್ತಿದ್ದೂ ಮಾಡಿದ ಎಡವಟ್ಟಿಗೇ ಒಂದು ಬೇರೆ ವಿಭಾಗ! ಟೆಕ್‌ನ ತಪ್ಪಿಗೆ ಬಹುಮಾನ ಇಮ್ಮಡಿಸುತ್ತ ಹೋಗಿ 327.68 ಡಾಲರಿಗೆ ನಿಂತಿತು. ತಾನು ತೀರಿಕೊಂಡ ಮೇಲೆ ಉಳಿದ ತಪ್ಪುಗಳೆಲ್ಲ ತಪ್ಪಲ್ಲ, ಟೆಕ್‌ನ ಗುಣಗಳೇ ಎಂದು ಭಾವಿಸಬೇಕೆಂದೂ ಹೇಳಿಟ್ಟಿದ್ದಾರೆ.

ಓದುಗನಿಗೆ ತಿದ್ದುವ ಹಕ್ಕಿದೆ ಎಂಬುದು ನಮಗೆ ಹೊಸದಲ್ಲ. ‘ಕವಿರಾಜಮಾರ್ಗ’ ಕಾವ್ಯದ ದೋಷಗಳನ್ನು ಎಳೆಎಳೆಯಾಗಿ ಬಿಡಿಸುವ ಗ್ರಂಥ. ಕನ್ನಡ ನಾಡಿನ ಸಣ್ಣ ಮಕ್ಕಳು, ಮೂಗರು ಕೂಡ ವಿವೇಕ ಹೇಳಬಲ್ಲರು ಎಂದು ಜನರನ್ನು ಹೊಗಳುವುದೂ ಅದೇ. ಓಲೆ ಬರೆದ ಲಿಪಿಕಾರರು ಕೊನೆಯಲ್ಲಿ ಬೆನ್ನು ಬಗ್ಗಿದ್ದನ್ನು, ಕತ್ತು ನೊಂದದ್ದನ್ನು ತೋಡಿಕೊಂಡು, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಬೇಡುತ್ತಿದ್ದರು. ಅಚ್ಚಿನ ಕಾಲಕ್ಕೆ ಬಂದಾಗ ಆ ಬೇಡಿಕೆ ಒಣಗಿಹೋಯಿತು. ತಪ್ಪಾದರೆ ಮುದ್ರಾರಾಕ್ಷಸನ ಹಾವಳಿ ಎಂದು ಯಾರೋ ರಾಕ್ಷಸನ ತಲೆಗೆ ಕಟ್ಟಿದೆವು. ಪುಸ್ತಕದ ಕೊನೆಗೆ ಒಂದು ಒಪ್ಪೋಲೆ ಅಂಟಿಸಿದೆವು. ಕರಡು ತಿದ್ದಿದವರಿಗೆ ‘ಅರಿಕೆ’ಯಲ್ಲಿ ಒಂದು ಸಾಲು ಸಿಗುತ್ತದೆ, ಅಚ್ಚಾದ ಮೇಲೆ ತಪ್ಪು ಹಿಡಿದವರಿಗೆ ಅದೂ ಇಲ್ಲ. ಪತ್ರಿಕೆಗಳೂ ಅಷ್ಟೆ. ‘ಗಾರ್ಡಿಯನ್’ 1997ರಲ್ಲಿ, ನಮ್ಮಲ್ಲಿ ‘ದಿ ಹಿಂದೂ’ 2006ರಲ್ಲಿ ಓದುಗರ ಸಂಪಾದಕರನ್ನು ನೇಮಿಸಿದವು. ತಿದ್ದುಪಡಿಗಳು ನಿಯಮಿತವಾಗಿ ಅಚ್ಚಾಗತೊಡಗಿದವು, ತಿದ್ದಿದವರ ಹೆಸರು ಕಂಡದ್ದು ಅಪರೂಪ.

ಹೇಳುವವರ ಕಡೆಯೂ ಋಣ ಇದೆ, ಅದನ್ನು ನಾವು ತೀರಿಸುವ ಬಗೆ ಮಾತ್ರ ವಿಚಿತ್ರ. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಹೊಗಳಿಕೆ, ಕೆಳಗಿಳಿದು ಕಾಫಿ ಲೋಟ ಹಿಡಿದ ಮೇಲೆ ನಿಜವಾದ ವಿಮರ್ಶೆ, ಅದೂ ಲೇಖಕ ಅತ್ತ ಹೋದ ಬಳಿಕ. ಮುಖಾಮುಖಿ ಹೇಳಬೇಕಾಗಿ ಬಂದರೆ ನಾಲ್ಕು ಒಳ್ಳೆಯ ಮಾತು, ಆಮೇಲೊಂದು ‘ಆದರೆ’. ಆ ನಾಲ್ಕು ಮಾತನ್ನು ಕೇಳುವವನು ಕೇಳಿಸಿಕೊಳ್ಳುವುದೇ ಇಲ್ಲ, ‘ಆದರೆ’ ಯಾವಾಗ ಬರುತ್ತದೆಂದು ಕಾಯುತ್ತಿರುತ್ತಾನೆ. ನಿಮ್ಮ ಪುಸ್ತಕದ ಇಂಥ ಪುಟದಿಂದ ನನಗೆ ಇಂಥದ್ದು ತಿಳಿಯಿತು, ಇಂಥ ಪುಟದ ಇಂಥ ಸಾಲು ಹೀಗಿರಬೇಕಿತ್ತು ಎಂದು ಬರೆದ ಒಂದು ಕಾರ್ಡಿನಲ್ಲಿ ಉಪಕಾರ ಸ್ಮರಣೆಯೂ ತಿದ್ದುಪಡಿಯೂ ಒಟ್ಟಿಗೇ ಇರುತ್ತವೆ.

ಎಲ್ಲ ಲೆಕ್ಕವೂ ಕೂಡಲೇ ಚುಕ್ತಾ ಆಗುವುದಿಲ್ಲ ಎಂಬುದೂ ನಿಜ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷ್ ಕವನ ಹಿಡಿದು ಬಂದ ಹುಡುಗ ಪುಟ್ಟಪ್ಪನಿಗೆ ಕನ್ನಡದಲ್ಲಿ ಬರೆ ಎಂದ ಕಥೆ ಎಲ್ಲರಿಗೂ ಗೊತ್ತು. ಹುಡುಗನಿಗೆ ಆ ಹೊತ್ತಿನಲ್ಲಿ ಆದದ್ದು ನಿರಾಸೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ಆ ಭೇಟಿಯನ್ನು ಕುವೆಂಪು ‘ನೆನಪಿನ ದೋಣಿಯಲ್ಲಿ’ ಬರೆದಿಟ್ಟದ್ದು ದಶಕಗಳ ನಂತರ.

ಕನ್ನಡ ಪ್ರಕಾಶಕರು 2.56 ಡಾಲರ್ ಕೊಡಲಾರರು, ಕೊಡಬೇಕಾಗಿಯೂ ಇಲ್ಲ. ಮರುಮುದ್ರಣದಲ್ಲಿ ಒಂದು ಪುಟ ಮೀಸಲಿಟ್ಟು ತಪ್ಪು ತೋರಿಸಿದ ಓದುಗರ ಹೆಸರು, ಊರು, ಪುಟಸಂಖ್ಯೆ ಹಾಕಿದರೆ ಸಾಕು. ಮರುಮುದ್ರಣ ಆದರೆ ತಾನೇ ಸ್ವಾಮಿ ಎಂದು ಅವರು ಕೇಳುತ್ತಾರೆ, ಕತೆ-ಕವನದ ಮಟ್ಟಿಗೆ ಆ ಮಾತು ನ್ಯಾಯವೇ. ನಿಘಂಟು, ಪಠ್ಯಪುಸ್ತಕ, ಅಡುಗೆ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾಗುತ್ತಲೇ ಇರುತ್ತವೆ. ಅಲ್ಲಿಂದ ಶುರು ಮಾಡಬಹುದು.